ಮಗಳ ಅಳತೆಯ ಕೋವಿ

ಹೊಲಿಗೆ ಟೇಪು ಹಿಡಿದುಕೊಂಡು ಬಂದೂಕಿನ ಅಂಗಡಿಗೆ ಹೋದವಳು ಅಮೆರಿಕದ ಇಡೀ ವಿಸ್ಕಾನ್ಸಿನ್ ರಾಜ್ಯದಲ್ಲಿ ನಾನೊಬ್ಬಳೇ ಇರಬೇಕು. ಕೌಂಟರಿನ ಹಿಂದಿದ್ದ ಹುಡುಗ ಟೇಪು ನೋಡಿದ, ನನ್ನನ್ನು ನೋಡಿದ, ಪಕ್ಕದಲ್ಲಿದ್ದ ಮಗಳನ್ನು ನೋಡಿದ. ಅವಳಿಗೆ ಆಗ 12 ವರ್ಷ, 35 ಕೆಜಿ ತೂಕ. ಗೋಡೆಯಿಂದ ಒಂದು ಪುಟ್ಟ ಕೋವಿ ಇಳಿಸಿ ಅವಳ ಕೈಗೆ ಕೊಟ್ಟ. ಒಂದೇ ತೋಟಾ ಹಿಡಿಯುವಂಥದ್ದು, ಹೂವಿನ ಹಾಗೆ ಹಗುರ. "ಮಕ್ಕಳಿಗೆ ಹೇಳಿ ಮಾಡಿಸಿದ್ದು" ಅಂದ. ಮಗಳ ಮುಖ ಅರಳಿತು. ನನಗೆ ಮಾತ್ರ ಬಲಭುಜ ಜುಮ್ ಅಂತು.

ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಕೊಡಗಿಗೆ ಹೋಗಿ ಬರಬೇಕು.

ನಮ್ಮಲ್ಲಿ ಕೋವಿ ಅಂದರೆ ಮನೆಮಂದಿಯಲ್ಲಿ ಒಬ್ಬರಿದ್ದ ಹಾಗೆ. ಕೊಡವರಿಗೆ ಬ್ರಿಟಿಷರ ಕಾಲದಿಂದಲೂ ಲೈಸೆನ್ಸಿನ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಇನ್ನೂ 10 ವರ್ಷ ಮುಂದುವರಿಸಿತು. ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ನನ್ನ ತಮ್ಮ ಹುಟ್ಟಿದಾಗ ಅಂಗಳದಲ್ಲಿ ಈಡು ಹಾರಿತಂತೆ. ನಾನು ಹುಟ್ಟಿದಾಗ ಎಲ್ಲರೂ ಸುಮ್ನೆ ಕಾಫಿ ಕುಡಿದರಂತೆ. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗಳನ್ನು ಒರೆಸಿ, ಸಾಲಾಗಿ ಇಟ್ಟು, ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸಿ ಪೂಜೆ ಮಾಡುತ್ತೇವೆ. ಆಮೇಲೆ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಹೊಡೆಯುವ ಪಂದ್ಯ.

ನನಗೆ 13 ಆದಾಗ ಹಠ ಹಿಡಿದು ಆ ಪಂದ್ಯಕ್ಕೆ ನಿಂತೆ. ಕೋವಿ ಅಜ್ಜನದು, 12 ಬೋರಿನ ಜೋಡಿ ನಳಿಗೆ. ಅಜ್ಜ ಆರಡಿ ಮೇಲೆ ಎರಡು ಇಂಚು. ನಾನು ಈಗಲೂ ಐದಡಿ ದಾಟಿಲ್ಲ. ಸ್ಟಾಕು, ಅಂದರೆ ಭುಜಕ್ಕೆ ಒತ್ತಿಕೊಳ್ಳುವ ಹಿಂಭಾಗ, ಎಷ್ಟು ಉದ್ದ ಇತ್ತೆಂದರೆ ಅದನ್ನು ಕಂಕುಳ ಪಕ್ಕಕ್ಕೆ ಸರಿಸಿಕೊಂಡರೆ ಮಾತ್ರ ಬೆರಳು ಟ್ರಿಗರ್‌ಗೆ ಮುಟ್ಟುತ್ತಿತ್ತು. ಹಾಗೇ ಹೊಡೆದೆ. ಕೋವಿ ತೋಳಿನ ಮೂಳೆಗೆ ಒದೆಯಿತು, ದವಡೆಗೂ ಬಾರಿಸಿತು. ನಾನು ಹಿಂದೆ ಕೂತುಬಿಟ್ಟೆ. ತೆಂಗಿನಕಾಯಿ ಮೇಲೆ ಆರಾಮಾಗಿ ತೂಗುತ್ತಿತ್ತು. ಎರಡು ವಾರ ತೋಳು ನೇರಳೆ ಬಣ್ಣ. ನೋವು ಹೋಯಿತು, ಅಳುಕು ಹೋಗಲಿಲ್ಲ. ಅದು ಎಷ್ಟು ಆಳಕ್ಕೆ ಇಳಿದಿತ್ತು ಅನ್ನುವುದು 30 ವರ್ಷ ಆದಮೇಲೆ ಗೊತ್ತಾಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಅಂದಹಾಗೆ, ನಾನು ಶಿಕಾರಿ ಮಾಡಿದವಳೇ ಅಲ್ಲ. 1972ರ ವನ್ಯಜೀವಿ ಕಾಯ್ದೆ ನಾನು ಹುಟ್ಟುವ ಮೊದಲೇ ಬಂದಿತ್ತು. ಶಿಕಾರಿ ಅಂದರೆ ಅಜ್ಜ ಹೇಳುತ್ತಿದ್ದ ಕಥೆ, ಅಷ್ಟೇ. ಇಲ್ಲಿ ಹಾಗಲ್ಲ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರದಿಂದ ಒಂಬತ್ತು ದಿನ ಇಡೀ ರಾಜ್ಯವೇ ಕಿತ್ತಳೆ ಜಾಕೆಟ್ ಹಾಕಿಕೊಂಡು ಕಾಡಿಗೆ ಇಳಿಯುತ್ತದೆ. ಮಗಳ ಗೆಳತಿಯರು ಸೋಮವಾರ ಶಾಲೆಗೆ ಜಿಂಕೆಯ ಸುದ್ದಿ ಹೊತ್ತು ಬರುತ್ತಾರೆ. ತಾನೂ ಬೇಟೆಗೆ ಹೋಗಬೇಕು ಅಂತ ಮಗಳು ಕೇಳಿದಾಗ ಮೈಸೂರಿನ ಕಡೆಯ ನನ್ನ ಗಂಡ, ಮೊಟ್ಟೆಯನ್ನೂ ಮುಟ್ಟದವರು, ನನ್ನ ಕಡೆ ತಿರುಗಿ "ಇದು ನಿಮ್ಮ ಕಡೆಯ ರಕ್ತ" ಅಂದು ಪೇಪರ್ ಓದಲು ಹೋದರು. 1973ರಿಂದ ಈಚೆಗೆ ಹುಟ್ಟಿದವರು ಇಲ್ಲಿ ಬೇಟೆ ಲೈಸೆನ್ಸಿಗೆ ಮೊದಲು ತರಬೇತಿ ಮುಗಿಸಿರಬೇಕು. ಹಾಗಾಗಿ ಅಮ್ಮ ಮಗಳು ಒಂದೇ ಬೆಂಚಿನಲ್ಲಿ ಕೂತು ಪಾಠ ಕೇಳಿದೆವು. ಪರೀಕ್ಷೆಯಲ್ಲಿ ಅವಳಿಗೇ ಜಾಸ್ತಿ ಮಾರ್ಕ್ಸು.

ವೀಸಾದಲ್ಲಿರುವವರಿಗೆ ಒಂದು ಮಾತು. ಎಚ್-1ಬಿ (ಕೆಲಸದ ವೀಸಾ), ಎಚ್-4 (ಅವರ ಮನೆಯವರ ವೀಸಾ) ಇರುವವರು ಇಲ್ಲಿ ಸುಮ್ನೆ ಹೋಗಿ ಬಂದೂಕು ಕೊಳ್ಳುವ ಹಾಗಿಲ್ಲ, ಇಟ್ಟುಕೊಳ್ಳುವ ಹಾಗೂ ಇಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ನಮಗೆ ಅಷ್ಟರಲ್ಲಿ ಗ್ರೀನ್ ಕಾರ್ಡ್ ಬಂದಿತ್ತು, ಆ ತಲೆನೋವು ಇರಲಿಲ್ಲ. 18 ಆಗದವರಿಗೆ ಅಂಗಡಿಯವರು ರೈಫಲ್ ಮಾರುವಂತಿಲ್ಲ, ಆದ್ದರಿಂದ ಫಾರಂ ತುಂಬಿ ಕೊಂಡವಳು ನಾನು. ಬೀರುವಿನ ಕೀಲಿಯೂ ನನ್ನ ಹತ್ತಿರವೇ.

ಈಗ ಅಂಗಡಿಗೆ ವಾಪಸ್. ಆ ಹಗುರ ಕೋವಿಯಲ್ಲಿ ಏನು ತೊಂದರೆ? ಗುಂಡು ಮುಂದಕ್ಕೆ ಹಾರಿದರೆ ಕೋವಿ ಹಿಂದಕ್ಕೆ ಬರಲೇಬೇಕು. ಭಾರದ ಕೋವಿ ತಳ್ಳುತ್ತದೆ, ಹಗುರದ್ದು ಗುದ್ದುತ್ತದೆ. ಅದೇ ತೋಟಾವನ್ನು ಏಳೂವರೆ ಪೌಂಡಿನ ಕೋವಿಯಿಂದ ಹೊಡೆಯುವುದಕ್ಕೂ ಐದೂವರೆ ಪೌಂಡಿನದರಿಂದ ಹೊಡೆಯುವುದಕ್ಕೂ ಒದೆತದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ವ್ಯತ್ಯಾಸ ಬೀಳುತ್ತದೆ. ಚಿಕ್ಕ ಮಕ್ಕಳಿಗೆ ಅಂತ ಹಗುರ ಮಾಡಿ, ಅವರಿಗೇ ಜಾಸ್ತಿ ಏಟು ಕೊಡುವುದು ಯಾವ ಲೆಕ್ಕ? ಹಾಗಂತ ಎಂಟೊಂಬತ್ತು ಪೌಂಡ್ ಕೊಟ್ಟರೆ ಅವಳ ಎಡಗೈ ಒಂದು ನಿಮಿಷಕ್ಕೆ ನಡುಗುತ್ತದೆ. ಗುರಿ ನೋಡುವ ಸ್ಕೋಪು, ಪಟ್ಟಿ ಎಲ್ಲ ಸೇರಿ ಏಳೂವರೆ ಸುತ್ತಮುತ್ತ ಇರಲಿ, ಹೊಡೆಯುವಾಗ ಯಾವತ್ತೂ ಊರುಗೋಲಿನ ಮೇಲೆ ಇಟ್ಟೇ ಹೊಡೆಯಲಿ ಅಂತ ತೀರ್ಮಾನಿಸಿದೆ.

ಟೇಪು ಬಂದದ್ದು ಉದ್ದಕ್ಕೆ. ಸ್ಟಾಕಿನ ಹಿಂಬದಿಯಿಂದ ಟ್ರಿಗರ್‌ವರೆಗಿನ ಉದ್ದ ದೊಡ್ಡವರ ರೈಫಲ್‌ಗಳಲ್ಲಿ ಸಾಮಾನ್ಯವಾಗಿ 13.5 ಇಂಚಿನ ಆಚೀಚೆ. ಮೊಣಕೈಯನ್ನು ಲಂಬಕೋನಕ್ಕೆ ಮಡಿಸಿ, ಆ ಮಡಿಕೆಗೆ ಸ್ಟಾಕು ಒತ್ತಿ ಹಿಡಿದರೆ ತೋರುಬೆರಳಿನ ಮೊದಲ ಗೆಣ್ಣು ಟ್ರಿಗರ್‌ಗೆ ಸರಾಗವಾಗಿ ಮುಟ್ಟಬೇಕು. ಮನೆಯಲ್ಲಿ ಅವಳ ಕೈ ಅಳೆದಾಗ 12.5 ಇಂಚು ಬಂತು. ಸರಿ, ಕಾಂಪ್ಯಾಕ್ಟ್ ಮಾಡೆಲ್‌ಗಳು ಹೆಚ್ಚಿನವು ಅಷ್ಟೇ ಇರುತ್ತವೆ, ಮುಗಿಯಿತು ಅಂದುಕೊಂಡೆ. ಆಮೇಲೆ ಹೊಳೆಯಿತು. ಅಳೆದದ್ದು ಜುಲೈನಲ್ಲಿ, ಟೀ ಶರ್ಟಿನಲ್ಲಿ! ನವೆಂಬರಿನಲ್ಲಿ ಅವಳು ಸ್ವೆಟರ್, ಅದರ ಮೇಲೆ ದಪ್ಪ ಜಾಕೆಟ್ ಹಾಕಿ ಹಾಸಿಗೆ ಸುರುಳಿಯ ಹಾಗೆ ಇರುತ್ತಾಳೆ. ಬಟ್ಟೆಯೇ ಅರ್ಧ ಇಂಚು ತಿನ್ನುತ್ತದೆ. ಹಾಗಾಗಿ ಅಂಗಡಿಗೆ ಚಳಿಗಾಲದ ಕೋಟು ಸಮೇತ ಹೋಗಿದ್ದೆವು. ಆಗಸ್ಟ್ ಸೆಕೆಯಲ್ಲಿ ಕೋಟು ಹಾಕಿಕೊಂಡು ಬೆವರುತ್ತಿದ್ದ ಹುಡುಗಿ, ಟೇಪು ಹಿಡಿದ ಅಮ್ಮ. ಆ ಹುಡುಗ ಪಾಪ ಇನ್ನೇನು ನೋಡಬೇಕಿತ್ತು.

ತೋಟಾದ ವಿಷಯಕ್ಕೆ ಇಲ್ಲಿ ಮೂವರು ಸೇರಿದರೆ ನಾಲ್ಕು ಅಭಿಪ್ರಾಯ. ಪಕ್ಕದ ಮನೆಯ ಅಜ್ಜ 7ಎಂಎಂ-08 ಅನ್ನುವ ತೋಟಾದ ಕಡೆ. ಈಗಿನ ಹುಡುಗರೆಲ್ಲ 6.5 ಕ್ರೀಡ್‌ಮೋರ್. ನಾನು ಆರಿಸಿದ್ದು .243 ವಿಂಚೆಸ್ಟರ್. .308 ಅನ್ನುವ ತೋಟಾದ ಕುತ್ತಿಗೆಯನ್ನೇ ಸಣ್ಣ ಮಾಡಿ 1955ರಲ್ಲಿ ತಂದದ್ದು. ಇದರ ಒದೆತ .30-06 ಅನ್ನುವ ದೊಡ್ಡ ತೋಟಾದ ಸುಮಾರು ಅರ್ಧ. ಅಜ್ಜ ಹೇಳುವುದೂ ಸುಳ್ಳಲ್ಲ. 7ಎಂಎಂ-08ರ ಗುಂಡು ಭಾರ, ಏಟು ಸ್ವಲ್ಪ ಆಚೀಚೆ ಆದರೂ ಅದು ಹೆಚ್ಚು ಕ್ಷಮಿಸುತ್ತದೆ. ಆದರೆ ಏಟು ಆಚೀಚೆ ಆಗುವುದೇ ಭಯದಿಂದ ಅಲ್ವಾ? ಜಿಂಕೆಯ ಮುಂಗಾಲಿನ ಹಿಂದೆ, ಹೃದಯ ಶ್ವಾಸಕೋಶ ಇರುವ ಜಾಗ ಒಂದು ಊಟದ ತಟ್ಟೆಯಷ್ಟು. 100 ಗಜದೊಳಗೆ ಆ ತಟ್ಟೆಗೆ ಹಾಕಿದರೆ .243 ಧಾರಾಳ ಸಾಕು. ಒಂದೇ ಎಚ್ಚರ: ಇದೇ ಅಳತೆಯಲ್ಲಿ ಸಣ್ಣ ಪ್ರಾಣಿಗಳಿಗೆ ಅಂತ ಹಗುರ ಗುಂಡುಗಳೂ ಬರುತ್ತವೆ. ಅವು ಚರ್ಮದ ಹತ್ತಿರವೇ ಒಡೆದು, ಜಿಂಕೆ ಗಾಯಗೊಂಡು ಓಡುತ್ತದೆ. ಡಬ್ಬಿಯ ಮೇಲೆ 95 ಅಥವಾ 100 ಗ್ರೇನ್ (ಗುಂಡಿನ ತೂಕದ ಅಳತೆ) ಅಂತ ಓದಿಯೇ ತೆಗೆದುಕೊಳ್ಳಬೇಕು.

ಕೊನೆಗೆ ಮನೆಗೆ ಬಂದದ್ದು ಮಾಸ್‌ಬರ್ಗ್ ಕಂಪನಿಯ ಪೇಟ್ರಿಯಟ್ ರೈಫಲ್‌ನ ಮಕ್ಕಳ ಮಾಡೆಲ್, ಸೂಪರ್ ಬ್ಯಾಂಟಮ್. 20 ಇಂಚಿನ ನಳಿಗೆ, ಬೋಲ್ಟ್ ಆ್ಯಕ್ಷನ್, ಅಂದರೆ ಪ್ರತಿ ಈಡಿಗೂ ಕೈಯಲ್ಲಿ ಹಿಡಿಕೆ ಎಳೆಯಬೇಕು. ಸ್ಟಾಕು 12 ಇಂಚು. ಜೊತೆಗೆ ಒಂದು ಇಂಚಿನ ತುಂಡು ಕೊಡುತ್ತಾರೆ, ಮಗು ಬೆಳೆದ ಮೇಲೆ ಹಿಂದೆ ಸೇರಿಸಿಕೊಳ್ಳಬಹುದು. ಶಾಲೆ ಯೂನಿಫಾರ್ಮಿನ ಲಂಗಕ್ಕೆ ಒಳಗೆ ಬಟ್ಟೆ ಮಡಿಸಿ ಬಿಡುತ್ತಿದ್ದರಲ್ಲ, ಥೇಟ್ ಹಾಗೆ. ಅದು ನೋಡಿಯೇ ನಾನು ಬಿದ್ದೆ.

ಬೇಸಿಗೆ ಮುಗಿಯುವವರೆಗೆ ಅವಳು ಅದನ್ನು ಮುಟ್ಟಲೇ ಇಲ್ಲ. ಪುಟ್ಟ ತೋಟಾದ .22 ಕೋವಿಯಲ್ಲಿ ಅಭ್ಯಾಸ. ಅದಕ್ಕೆ ಒದೆತವೇ ಇಲ್ಲ ಅನ್ನಬಹುದು. ಕಿವಿಯೊಳಗೆ ಸ್ಪಂಜು, ಅದರ ಮೇಲೆ ಮಫ್. ಮಕ್ಕಳು ಒದೆತಕ್ಕಿಂತ ಸದ್ದಿಗೇ ಜಾಸ್ತಿ ಬೆಚ್ಚುತ್ತಾರೆ, ನಳಿಗೆ ಗಿಡ್ಡ ಆದಷ್ಟೂ ಸದ್ದು ಜೋರು.

ಸೆಪ್ಟೆಂಬರಿನಲ್ಲಿ .243 ಹೊರಗೆ ಬಂತು. ತರಬೇತಿಯಲ್ಲಿ ಒಂದು ಉಪಾಯ ಹೇಳಿಕೊಟ್ಟಿದ್ದರು. ತೋಟಾ ತುಂಬುವಾಗ ಹೊಡೆಯುವವರು ಬೇರೆ ಕಡೆ ನೋಡುತ್ತಿರಬೇಕು. ಇನ್ನೊಬ್ಬರು ಬಾರು ಮಾಡಿ ಕೊಡಬೇಕು, ಕೆಲವು ಸಲ ನಿಜದ ತೋಟಾ, ಕೆಲವು ಸಲ ಡಮ್ಮಿ. ಯಾವುದು ಅಂತ ಹೊಡೆಯುವವರಿಗೆ ಗೊತ್ತಿಲ್ಲ. ಡಮ್ಮಿ ಇದ್ದಾಗ ಬರೀ ಟಿಕ್ ಅನ್ನುತ್ತದೆ. ಆ ಕ್ಷಣಕ್ಕೆ ನಳಿಗೆ ಅಲ್ಲಾಡದೆ ನಿಂತರೆ ಭಯ ಇಲ್ಲ ಅಂತ ಅರ್ಥ. ಒದೆತಕ್ಕೆ ಮೊದಲೇ ಮೈ ಬಿಗಿದುಕೊಂಡಿದ್ದರೆ ನಳಿಗೆಯ ತುದಿ ತಗ್ಗುತ್ತದೆ.

ನಾನು ಡಮ್ಮಿ ಹಾಕಿ ಕೊಟ್ಟೆ. ಅವಳು ಉಸಿರು ಬಿಟ್ಟಳು, ಟ್ರಿಗರ್ ಒತ್ತಿದಳು. ಟಿಕ್. ನಳಿಗೆಯ ಮೇಲೆ ಇರುವೆ ಕೂತಿದ್ದರೂ ಬೀಳುತ್ತಿರಲಿಲ್ಲ. ಇನ್ನೊಂದು ಸಲ, ಮತ್ತೊಂದು ಸಲ. ಅಷ್ಟೇ ಗಟ್ಟಿ.

"ಈಗ ನೀನು" ಅಂದಳು.

ನನಗೇನು, ದೊಡ್ಡವಳು, ಕೊಡಗಿನವಳು. ಕೂತೆ. ಅವಳು ನನ್ನ ಬೆನ್ನ ಹಿಂದೆ ಬಾರು ಮಾಡಿ ಕೊಟ್ಟಳು. ಗುರಿ ಹಿಡಿದೆ. ಟಿಕ್. ನಳಿಗೆಯ ತುದಿ ಮೂರು ಇಂಚು ಕೆಳಗೆ ಧುಮುಕಿತು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿತ್ತು, ಬಲಭುಜ ಕಿವಿಯ ಹತ್ತಿರ ಬಂದಿತ್ತು. ಒದೆಯದ ಕೋವಿಗೆ! ಮಗಳು ನಗಲಿಲ್ಲ. "ಅಮ್ಮ, ನಿಂಗೆ ಯಾರು ಹೊಡ್ದಿದ್ದು?" ಅಂತ ಕೇಳಿದಳು. ತೆಂಗಿನಕಾಯಿಯ ಕಥೆ ಅವಳಿಗೆ ಹೇಳಿದ್ದು ಅವತ್ತೇ.

ಮೊದಲ ವರ್ಷ ಅವಳು ಒಂದೂ ಗುಂಡು ಹಾರಿಸಲಿಲ್ಲ. ಒಂದು ಜಿಂಕೆ ಬಂತು, ಪೊದೆಯ ಹಿಂದಿನಿಂದ ಹೊರಗೆ ಬರಲೇ ಇಲ್ಲ. ಅವಳು ಸೇಫ್ಟಿ ಹಾಕಿ ಸುಮ್ಮನೆ ಕೂತಳು. ಎರಡನೇ ವರ್ಷ ಅಕ್ಟೋಬರಿನಲ್ಲಿ, 16ರೊಳಗಿನ ಮಕ್ಕಳಿಗೆ ಅಂತ ಬಿಡುವ ಎರಡು ದಿನದ ಬೇಟೆಯಲ್ಲಿ, ಒಂದು ಹೆಣ್ಣು ಜಿಂಕೆ 60 ಗಜದಲ್ಲಿ ಅಡ್ಡಕ್ಕೆ ನಿಂತಿತು. ಒಂದೇ ಈಡು. ನಾಲ್ಕು ಹೆಜ್ಜೆ ಓಡಿ ಬಿತ್ತು. ಅವಳು ಸ್ವಲ್ಪ ಅತ್ತಳು, ನಾನೂ ಅತ್ತೆ. "ಒದೀತಾ?" ಅಂತ ಕೇಳಿದರೆ "ಏನು?" ಅಂದಳು. ಗೊತ್ತೇ ಆಗಿರಲಿಲ್ಲ. ಊರಿಂದ ತಂದಿದ್ದ ಕಾಚಂಪುಳಿ, ಅಂದರೆ ನಮ್ಮ ಕಡೆಯ ಕಪ್ಪು ಹುಳಿ, ಹಾಕಿ ಪಂದಿಕರಿಯ ಮಸಾಲೆಯಲ್ಲೇ ಮಾಡಿದೆ. ಗಂಡ ಕಿಟಕಿ ತೆರೆದು ಮೊಸರನ್ನ ತಿಂದರು.

ಈ ಆಗಸ್ಟಿನಲ್ಲಿ ಮತ್ತೆ ಟೇಪು ತೆಗೆದೆ. ಅವಳು ನನಗಿಂತ ಎರಡು ಇಂಚು ಎತ್ತರ ಆಗಿದ್ದಾಳೆ. ಸ್ಟಾಕಿನ ಹಿಂದಿನ ಸ್ಕ್ರೂ ಬಿಚ್ಚಿ, ಒಂದು ಇಂಚಿನ ತುಂಡು ಕೂರಿಸಿ, ರಬ್ಬರ್ ಪ್ಯಾಡ್ ವಾಪಸ್ ಬಿಗಿದಳು. ನನ್ನ ಭುಜಕ್ಕೆ ಇಟ್ಟು ನೋಡಿದೆ. ಕೋಟಿಲ್ಲದೆಯೂ ಉದ್ದ ಆಯಿತು. ಎರಡು ವರ್ಷದಲ್ಲಿ ನನ್ನ ಭುಜ ಅದಕ್ಕೆ ಒಗ್ಗಿತ್ತು, ಟಿಕ್ ಅಂದರೂ ನಳಿಗೆ ಅಷ್ಟಾಗಿ ತಗ್ಗುತ್ತಿರಲಿಲ್ಲ.

"ನಿಂಗೆ ಒಂದು ಬೇರೆ ತಗೋಬೇಕು" ಅಂದಳು ಮಗಳು.

ಪೇಪರಿನ ಹಿಂದಿನಿಂದ ದನಿ ಬಂತು: "ಮಕ್ಕಳ ಸೈಜಿದ್ದೇ ನೋಡು."