ಕ್ರಿಪ್ಟೊ ವಾಲೆಟ್ ಬಗ್ಗೆ ಕನ್ನಡದಲ್ಲಿ ಬರೆಯುವುದು ಯಾಕೆ?

"ಆ್ಯಪ್ ಹಾಕಿಕೊಂಡು ಬಳಸುತ್ತಾ ಹೋದರೆ ತಾನಾಗಿ ಗೊತ್ತಾಗುತ್ತದೆ, ಇದಕ್ಕೆಲ್ಲ ಕನ್ನಡದಲ್ಲಿ ಲೇಖನ, ವಿಡಿಯೊ ಬೇಕೇ?" ಎಂದು ಬಹಳ ಜನ ಕೇಳುತ್ತಾರೆ. ಬೇಕು. ಯುಪಿಐ ಪಿನ್ ಮರೆತರೆ ಡೆಬಿಟ್ ಕಾರ್ಡ್ ಹಿಡಿದು ಹೊಸದು ಮಾಡಿಕೊಳ್ಳಬಹುದು, ಬ್ಯಾಂಕಿಗೆ ಹೋಗಿ ವಿಚಾರಿಸಬಹುದು. ಕ್ರಿಪ್ಟೊ ವಾಲೆಟ್ ಎಂದರೆ ಡಿಜಿಟಲ್ ನಾಣ್ಯಗಳನ್ನು ಇಟ್ಟುಕೊಳ್ಳುವ, ಕಳಿಸುವ ಆ್ಯಪ್. ಕೀಲಿ, ಅಂದರೆ ಹಣ ಕಳಿಸುವ ಅಧಿಕಾರ ಕೊಡುವ ಗುಪ್ತ ಸಂಖ್ಯೆ, ನಮ್ಮ ಕೈಯಲ್ಲೇ ಇರುವ ವಾಲೆಟ್‌ಗೆ ಶಾಖೆಯೂ ಇಲ್ಲ, ಮ್ಯಾನೇಜರೂ ಇಲ್ಲ. ಹಣ ಹಾಕುವ ಮುಂಚೆ ಓದಿಕೊಂಡದ್ದಷ್ಟೇ ಆಮೇಲೆ ಕೈಹಿಡಿಯುವುದು.

ಮೊದಲು ಕಲಿಸಬೇಕಾದ್ದು ಸೀಡ್ ಫ್ರೇಸ್, ಅಂದರೆ ವಾಲೆಟ್ ಮರಳಿ ತೆರೆಯಲು ಬೇಕಾಗುವ ಗುಪ್ತ ಪದಗಳ ಸಾಲು. ಹೆಚ್ಚಿನ ವಾಲೆಟ್‌ಗಳು ಬಿಐಪಿ-39 ಎಂಬ ಕ್ರಮದಂತೆ 2048 ಪದಗಳ ಪಟ್ಟಿಯಿಂದ 12 ಅಥವಾ 24 ಪದ ಕೊಡುತ್ತವೆ. ಆ ಕ್ರಮದಲ್ಲಿ ಜಪಾನಿ, ಸ್ಪ್ಯಾನಿಷ್ ಪಟ್ಟಿಗಳಿವೆ, ಕನ್ನಡದ್ದಿಲ್ಲ. ಹಾಗಾಗಿ ನಮ್ಮವರು ಇಂಗ್ಲಿಷ್ ಪದಗಳನ್ನೇ ಬರೆದಿಡಬೇಕು, ಅದೂ ಇಂಗ್ಲಿಷ್ ಅಕ್ಷರಗಳಲ್ಲೇ. 'ಮೀಟ್' ಎಂದು ಕನ್ನಡದಲ್ಲಿ ಬರೆದಿಟ್ಟವರು ಮುಂದೆ ಭೇಟಿ ಎಂಬ ಅರ್ಥದ ಪದ ಟೈಪ್ ಮಾಡಿದರೆ ವಾಲೆಟ್ ಒಪ್ಪುವುದಿಲ್ಲ. ಪಟ್ಟಿಯಲ್ಲಿರುವುದು ಮಾಂಸ ಎಂಬ ಅರ್ಥದ್ದು. ಟೆಸ್ಟ್, ಟೇಸ್ಟ್ ಎರಡೂ ಪಟ್ಟಿಯಲ್ಲಿವೆ, ಅಲ್ಲಿ ಒಂದು ದೀರ್ಘ ತಪ್ಪಿದರೂ ಕೆಲಸ ಕೆಟ್ಟಿತು. ಇಂಗ್ಲಿಷ್ ಪಟ್ಟಿಯಲ್ಲಿ ಮೊದಲ 4 ಅಕ್ಷರ ಸರಿಯಿದ್ದರೆ ಪದ ಯಾವುದೆಂದು ಖಚಿತವಾಗುತ್ತದೆ, ಇದನ್ನೂ ಹೇಳಿಕೊಡಿ. ಕಾಗದದ ಮೇಲೆ 1ರಿಂದ 12ರವರೆಗೆ ಸಂಖ್ಯೆ ಹಾಕಿ ಬರೆಸಿ. ಸ್ಕ್ರೀನ್‌ಶಾಟ್ ಬೇಡವೇ ಬೇಡ, ಅದು ಫೋಟೊ ಬ್ಯಾಕಪ್‌ನೊಂದಿಗೆ ಸರ್ವರ್‌ಗೆ ಹೋಗಿಬಿಡುತ್ತದೆ.

ಆಮೇಲೆ, ಹಣ ಹಾಕುವ ಮುಂಚೆಯೇ, ಆ್ಯಪ್ ಅಳಿಸಿ ಕಾಗದ ನೋಡಿಕೊಂಡು ವಾಲೆಟ್ ಮರಳಿ ತೆರೆಯಬೇಕು. ವಾಲೆಟ್‌ನ ವಿಳಾಸ (ಹಣ ಪಡೆಯಲು ಕೊಡುವ, ಖಾತೆ ಸಂಖ್ಯೆಯಂಥದ್ದು) ಮೊದಲಿನದೇ ಬಂತೇ ಎಂದು ಹೋಲಿಸಬೇಕು. ಬಹಳಷ್ಟು ವಿಡಿಯೊಗಳು ಬಿಟ್ಟುಬಿಡುವ ಹೆಜ್ಜೆ ಇದು. 12 ಪದಗಳಲ್ಲಿ ತಪ್ಪು ಹಿಡಿಯುವ 4 ಬಿಟ್‌ನ ತಾಳೆ ಪರೀಕ್ಷೆ ಅಡಗಿದೆ, ಪಟ್ಟಿಯದೇ ಬೇರೊಂದು ಪದ ಸೇರಿಕೊಂಡರೆ 16ರಲ್ಲಿ ಸುಮಾರು 15 ಸಲ ಸಿಕ್ಕಿಬೀಳುತ್ತದೆ. ಉಳಿದ ಒಂದು ಸಲ ಬೇರೆಯೇ ಖಾಲಿ ವಾಲೆಟ್ ತೆರೆದುಕೊಳ್ಳುತ್ತದೆ, ಹಣ ಹೋಯಿತೆಂದು ಜನ ಗಾಬರಿಯಾಗುತ್ತಾರೆ.

ಎರಡನೆಯದು ಗ್ಯಾಸ್, ಅಂದರೆ ಒಂದು ವ್ಯವಹಾರಕ್ಕೆ ಜಾಲ ಮಾಡಬೇಕಾದ ಕೆಲಸದ ಅಳತೆ; ಶುಲ್ಕದ ಲೆಕ್ಕ ಇದರ ಮೇಲೆಯೇ. ಇಥೀರಿಯಂ ಜಾಲದಲ್ಲಿ ಯುಎಸ್‌ಡಿಟಿ (ಡಾಲರ್ ಬೆಲೆಗೆ ಹೊಂದಿಸಿದ ಟೋಕನ್) ಮಾತ್ರ ಇಟ್ಟುಕೊಂಡು, ಆ ಜಾಲದ ಸ್ವಂತ ನಾಣ್ಯವಾದ ಈಥರ್ ಇಲ್ಲದವರು ಅದನ್ನು ಕಳಿಸಲು ಹೋಗಿ ಸಿಕ್ಕಿಕೊಳ್ಳುತ್ತಾರೆ, ಏಕೆಂದರೆ ಶುಲ್ಕ ಕಟ್ಟಬೇಕಾದ್ದು ಈಥರ್‌ನಲ್ಲಿ. ಲೆಕ್ಕವನ್ನೇ ಮಾಡಿ ತೋರಿಸಿ: ಈಥರ್‌ನ ಸರಳ ವರ್ಗಾವಣೆಗೆ 21,000 ಗ್ಯಾಸ್, ಒಂದು ಗ್ಯಾಸ್‌ಗೆ ದರ 10 ಗ್ವೇ (ಗ್ವೇ ಎಂದರೆ ಈಥರ್‌ನ ನೂರು ಕೋಟಿಯಲ್ಲಿ ಒಂದು ಭಾಗ) ಇದ್ದರೆ ಶುಲ್ಕ 0.00021 ಈಥರ್. ಟೋಕನ್ ಕಳಿಸಲು ಇನ್ನೂ ಹೆಚ್ಚು. ವ್ಯವಹಾರ ವಿಫಲವಾದರೂ ಖರ್ಚಾದ ಗ್ಯಾಸ್ ವಾಪಸ್ ಬರುವುದಿಲ್ಲ.

ತೆರಿಗೆಯನ್ನು ಮುಚ್ಚಿಟ್ಟು ಬರೆಯುವುದು ಓದುಗರಿಗೆ ಮಾಡುವ ಅನ್ಯಾಯ. ಭಾರತದಲ್ಲಿ 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ ಇದೆ, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ.

ವಿಡಿಯೊ ಮಾಡುವವರು ಸೆಪೋಲಿಯಾ ಎಂಬ ಪರೀಕ್ಷಾ ಜಾಲದಲ್ಲೇ ತೋರಿಸಲಿ, ಅಲ್ಲಿನ ಈಥರ್ ಉಚಿತ, ಬೆಲೆಯಿಲ್ಲದ್ದು. ಪರದೆಯ ಮೇಲೆ ಕಂಡ ಸೀಡ್ ಫ್ರೇಸ್‌ಗೆ ಮುಂದೆಂದೂ ನಿಜವಾದ ಹಣ ಹಾಕಬಾರದು. ದಿನಾಂಕ, ಜಾಲದ ಹೆಸರು ಎರಡನ್ನೂ ಮೇಲ್ಗಡೆ ಬರೆಯಿರಿ: ರಾಪ್‌ಸ್ಟನ್, ರಿಂಕ್‌ಬಿ, ಗೋರ್ಲಿ ಎಂಬ ಹಳೆಯ ಪರೀಕ್ಷಾ ಜಾಲಗಳನ್ನು ನಿಲ್ಲಿಸಲಾಗಿದೆ, ಆದರೂ ಹಳೆಯ ಪಾಠಗಳು ಹೊಸಬರನ್ನು ಇನ್ನೂ ಅಲ್ಲಿಗೇ ಕಳಿಸುತ್ತಿವೆ.