ಹೌರಾ ಸೇತುವೆಯನ್ನು ನಡೆದೇ ದಾಟಬೇಕು

ಕೋಲ್ಕತ್ತಾಗೆ ಹೋದವರು ಹೌರಾ ಸೇತುವೆಯನ್ನು ಟ್ಯಾಕ್ಸಿಯಲ್ಲಿ ಕೂತು ದಾಟಿದರೆ ಅರ್ಧ ಮಾತ್ರ ನೋಡಿದ ಹಾಗೆ. ಕಳೆದ ಚಳಿಗಾಲದಲ್ಲಿ ನಾನು, ಅಕ್ಕ ಹೌರಾ ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿ ಬ್ಯಾಗ್ ಇಟ್ಟು ಬೆಳಿಗ್ಗೆಯೇ ಹೊರಟೆವು. ಅಕ್ಕನಿಗೆ ಮಂಡಿ ನೋವು. ಆದರೂ "ನಡಿಯೇ, ನಿಧಾನಕ್ಕೆ ಹೋಗೋಣ" ಅಂದಳು.

ಸೇತುವೆಯ ಎರಡೂ ಬದಿಗೆ 15 ಅಡಿ ಅಗಲದ ಕಾಲುದಾರಿ ಇದೆ. ಅದಕ್ಕೂ ವಾಹನಗಳ ರಸ್ತೆಗೂ ನಡುವೆ ಉಕ್ಕಿನ ದೊಡ್ಡ ಚೌಕಟ್ಟೇ ಅಡ್ಡ ನಿಂತಿದೆ. ಬಸ್ಸು ಮೈಗೆ ಉಜ್ಜೀತು ಅನ್ನೋ ಭಯವಿಲ್ಲ. ಬೆಂಗಳೂರಿನ ಎಷ್ಟೋ ಫ್ಲೈಓವರುಗಳ ಮೇಲೆ ನಡೆಯುವವರಿಗೆ ಜಾಗವೇ ಇಲ್ಲ, ಅಲ್ವಾ? 1943ರಲ್ಲಿ, ಯುದ್ಧದ ಮಧ್ಯೆ ತೆರೆದ ಸೇತುವೆ ಇದು. ಆಗಲೇ ನಡೆಯುವವರಿಗೆ ಇಷ್ಟು ಜಾಗ ಬಿಟ್ಟವರ ಮೇಲೆ ನನಗೆ ತುಂಬಾ ಗೌರವ.

ಜಾಗವಿದ್ದರೂ ಜನ ಜಾಸ್ತಿ. ತಲೆಹೊರೆ ಹೊತ್ತವರು ಕೂಗುತ್ತಾ ಬರುತ್ತಾರೆ, ಸರಿದು ದಾರಿ ಬಿಡಬೇಕು. ಎದುರಿನಿಂದ ಒಬ್ಬರು ಚೆಂಡುಹೂವಿನ ಹಾರಗಳನ್ನು ಹೇರಿಕೊಂಡು ಬಂದರು. ರಾಶಿಯಲ್ಲಿ ಅವರ ಮುಖವೇ ಕಾಣಲಿಲ್ಲ, ಕಾಲು ಮಾತ್ರ. ಸೇತುವೆಯ ಆ ತುದಿಯ ಕೆಳಗೇ ಮಲ್ಲಿಕ್ ಘಾಟ್ ಹೂವಿನ ಮಾರುಕಟ್ಟೆ.

ಮಧ್ಯದಲ್ಲಿ ಸುಮ್ನೆ ನಿಂತೆವು. ಎರಡು ಗೋಪುರಗಳ ನಡುವೆ 457 ಮೀಟರ್. ಅಷ್ಟುದ್ದಕ್ಕೂ ನದಿಯಲ್ಲಿ ಒಂದೂ ಕಂಬವಿಲ್ಲ. ರಸ್ತೆಯನ್ನೇ ಮೇಲಿನಿಂದ ತೂಗುಹಾಕಿದ್ದಾರೆ. ಬಸ್ಸು ಹೋದಾಗಲೆಲ್ಲ ಕಾಲಡಿ ಸಣ್ಣಗೆ ನಡುಗುತ್ತದೆ. ಅಕ್ಕ ನನ್ನ ತೋಳು ಹಿಡಿದುಕೊಂಡಳು. ಇಡೀ ಸೇತುವೆಯನ್ನು ನಟ್ಟು ಬೋಲ್ಟಿಲ್ಲದೆ ರಿವೆಟ್ (ಬಡಿದು ಕೂರಿಸುವ ದಪ್ಪ ಉಕ್ಕಿನ ಮೊಳೆ) ಹೊಡೆದೇ ಜೋಡಿಸಿದ್ದಾರೆ ಅಂತ ಓದಿದ್ದೆ. ಮುಟ್ಟಿ ನೋಡಿದೆ. ಬಣ್ಣ ಬಳಿದೂ ಬಳಿದೂ ನುಣುಪಾದ, ಅರ್ಧ ನಿಂಬೆಹಣ್ಣಿನಂಥ ತಲೆಗಳು ಸಾಲುಸಾಲಾಗಿ ಕೈಗೆ ಸಿಕ್ಕವು.

ಬೇಸರವಾದದ್ದು ರಸ್ತೆಯನ್ನು ಮೇಲಿನಿಂದ ತೂಗುಹಿಡಿದ ಉಕ್ಕಿನ ಕಂಬಗಳ ಬುಡ ನೋಡಿ. ಅಲ್ಲೆಲ್ಲ ಎಲೆಅಡಿಕೆ ಉಗುಳಿದ ಕೆಂಪು. ಸುಣ್ಣ ಸೇರಿದ ಈ ಉಗುಳು ಉಕ್ಕನ್ನೇ ತಿನ್ನುತ್ತದೆ. ಬುಡದ ಉಕ್ಕಿನ ಹೊದಿಕೆಗಳು ಸವೆದು ತೆಳ್ಳಗಾಗಿ, ಕೊನೆಗೆ ಫೈಬರ್‌ಗ್ಲಾಸ್ ಕವಚ ಹಾಕಬೇಕಾಯಿತು. ಅಡಿಕೆ ತೋಟದ ಮನೆಯವಳು ನಾನು. ನಮ್ಮ ಬೆಳೆ ಇಂಥ ಕಡೆ ಬಂದು ಬೀಳುವುದು ಕಂಡು ಹೊಟ್ಟೆ ಉರಿಯಿತು. "ಉಗುಳೋಕೆ ಇದೇ ಬೇಕಿತ್ತಾ ಇವರಿಗೆ" ಅಂತ ಅಕ್ಕನೂ ಗೊಣಗಿದಳು.

ಸಂಜೆ ವಾಪಸ್ ಬರುವಾಗ ದೋಣಿಯಲ್ಲಿ ಹೋಗೋಣವಾ ಅಂತ ಕೇಳಿದೆ. ಬೇಡ ಅಂದಳು. ಆಫೀಸು, ಅಂಗಡಿ ಬಿಟ್ಟವರೆಲ್ಲ ಲೋಕಲ್ ರೈಲು ಹಿಡಿಯಲು ಓಡುತ್ತಿದ್ದರು. ಆ ಗುಂಪಿನ ನಡುವೆ ಮಂಡಿ ನೋವಿನ ಅಕ್ಕ ರೇಲಿಂಗ್ ಪಕ್ಕ ನಿಧಾನಕ್ಕೆ ನಡೆದಳು. ಯಾರೂ ಗದರಲಿಲ್ಲ, ಪಕ್ಕದಿಂದ ದಾಟಿಕೊಂಡು ಹೋದರು.