‘ಕೋರ್ಟಿಗೆ ಬರದುಕೊಟ್ಟದ್ದು ಬದಲ ಮಾಡಾಕ ಬರ್ತದೇನ್ರಿ?’

ಬರ್ತದ. ಆದರೆ ಹೆಚ್ಚಿನವರು ಇದನ್ನು ಕೇಳುವುದು ಮುಚ್ಚಳಿಕೆ, ಅಂದರೆ ಹಾಗೆ ಬರೆದುಕೊಟ್ಟ ಮಾತು, ಮುರಿದ ಮೇಲೆ. ಅಷ್ಟೊತ್ತಿಗೆ ಪ್ರಶ್ನೆಯೇ ಬೇರೆಯಾಗಿರುತ್ತದೆ.

ರಬಕವಿ-ಬನಹಟ್ಟಿಯ ಒಂದು ಓಣಿ ಎಂದುಕೊಳ್ಳಿ. ಮನೆಗೆ ಹೊಂದಿದ ಶೆಡ್ಡಿನಲ್ಲಿ ಎಂಟು ಪವರ್‌ಲೂಮ್. ಲಾಳಿಯ ಬಡಿತಕ್ಕೆ ಓಣಿಗೇ ನಿದ್ದೆಯಿಲ್ಲ ಎಂದು ನೆರೆಯವರಿಬ್ಬರು ನ್ಯಾಯಾಲಯದ ಅನುಮತಿ ಪಡೆದು, ಸಾರ್ವಜನಿಕ ಉಪದ್ರವ ತಡೆಯಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 91ನೇ ಕಲಮಿನಡಿ ದಾವೆ ಹೂಡುತ್ತಾರೆ. ತಡೆಯಾಜ್ಞೆ ಬೀಳುವುದು ಬೇಡವೆಂದು ಮಾಲೀಕ ‘ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಗ್ಗ ಓಡಿಸುವುದಿಲ್ಲ’ ಎಂದು ಬರೆದುಕೊಡುತ್ತಾನೆ.

ಎರಡೂ ಕಡೆ ಕೇಳಿ ಕೊಟ್ಟ ತಡೆಯಾಜ್ಞೆಯನ್ನು ಬದಲಿಸಬೇಕಾದರೆ ಅದೇ ಸಂಹಿತೆಯ ಆದೇಶ 39, ನಿಯಮ 4ರ ಪ್ರಕಾರ ಪರಿಸ್ಥಿತಿ ಬದಲಾಗಿರಬೇಕು, ಇಲ್ಲವೇ ಅದರಿಂದ ವಿಪರೀತ ತೊಂದರೆಯಾಗಿರಬೇಕು. ತಡೆಯಾಜ್ಞೆಯ ಬದಲಿಗೆ ಕೊಟ್ಟ ಮುಚ್ಚಳಿಕೆಯನ್ನೂ ಹೆಚ್ಚುಕಡಿಮೆ ಇದೇ ಅಳತೆಗೋಲಿನಲ್ಲಿ ನೋಡಬೇಕು. ಆರು ಮಗ್ಗ ಊರಾಚೆಗೆ ಒಯ್ದು, ಉಳಿದೆರಡರ ಕಾಲಡಿ ರಬ್ಬರ್ ಹಾಸಿದ್ದರೆ ಅದು ಬದಲಾವಣೆ. ‘ಸೀರೆ ಆರ್ಡರು ಜಾಸ್ತಿ ಬಂದಾವ್ರಿ’ ಎಂಬುದು ಅಲ್ಲ. ಸಹಿ ಹಾಕುವಾಗಲೇ ಅದು ಗೊತ್ತಿದ್ದದ್ದು.

ಮುಚ್ಚಳಿಕೆ ಬದಲಿಸಲು ಮಧ್ಯಂತರ ಅರ್ಜಿ, ಪ್ರಮಾಣಪತ್ರ (ಅಫಿಡವಿಟ್), ಹಳೆಯ ಮುಚ್ಚಳಿಕೆ ಮತ್ತು ಆದೇಶದ ದೃಢೀಕೃತ ನಕಲು ಬೇಕು. ‘ಸಪ್ಪಳ ಕಡಿಮೆಯಾಗಿದೆ’ ಎಂದು ಬರೆದರೆ ಸಾಲದು. ವಸತಿ ಪ್ರದೇಶಕ್ಕೆ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಮಗ್ಗ ನಿಲ್ಲಿಸಿ ಮಧ್ಯಾಹ್ನ ಅಳೆದ ವರದಿ ತಂದರೆ ಎದುರು ವಕೀಲರ ಕೈಗೆ ಅಸ್ತ್ರ ಕೊಟ್ಟಂತೆ. ಕೋರ್ಟಿನ ಅನುಮತಿ ಪಡೆದು ರಾತ್ರಿ, ಮಗ್ಗ ಓಡುತ್ತಿರುವಾಗ, ದೂರುದಾರರ ಗೋಡೆಯ ಬಳಿ ಅಳೆಸಿ. ಹೊಸ ಮುಚ್ಚಳಿಕೆಯಲ್ಲಿ ಎಷ್ಟು ಮಗ್ಗ, ಎಷ್ಟು ಹೊತ್ತು ಎಂಬುದು ಅಂಕಿಯಲ್ಲೇ ಇರಲಿ.

ಬಹಳ ಮಂದಿ ಎಡವುವುದು ರಾಜಿಯಲ್ಲಿ. ದಾವೆ ಹಾಕಿದ ಇಬ್ಬರೂ ಒಪ್ಪಿ ಸಹಿ ಮಾಡಿದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಉಪದ್ರವ ಇಡೀ ಓಣಿಯದು. ಆದೇಶ 23, ನಿಯಮ 3ಬಿ ಪ್ರಕಾರ 91ನೇ ಕಲಮಿನ ದಾವೆಯಲ್ಲಿ ನ್ಯಾಯಾಲಯದ ಅನುಮತಿ ದಾಖಲಾಗದ ರಾಜಿ ಶೂನ್ಯ. ಅನುಮತಿಗೆ ಮುಂಚೆ, ಹಿತಾಸಕ್ತಿ ಇರುವ ಇತರರಿಗೂ ನೋಟಿಸು ಹೋಗಬೇಕು.

ಅಂತಿಮ ತೀರ್ಪಾದ ಮೇಲೆ ದಾರಿ ಇಕ್ಕಟ್ಟು. ಮುಂದೆ ಅರ್ಜಿ ಹಾಕಿಕೊಳ್ಳುವ ಅವಕಾಶವನ್ನು ತೀರ್ಪಿನಲ್ಲೇ ಉಳಿಸಿಕೊಂಡಿರದಿದ್ದರೆ ಮೇಲ್ಮನವಿ, ಇಲ್ಲವೇ ಅದೇ ಕೋರ್ಟು ತನ್ನ ತೀರ್ಪನ್ನು ಮತ್ತೆ ನೋಡಲಿ ಎಂದು 30 ದಿನದೊಳಗೆ ಪುನರ್ವಿಮರ್ಶೆ ಅರ್ಜಿ.

ಇನ್ನು ಇಂಥದೇ ದೂರು ಕೋರ್ಟಿನ ಬದಲು ಜಮಖಂಡಿಯ ಏಸಿ ಸಾಹೇಬರ (ಉಪವಿಭಾಗಾಧಿಕಾರಿ) ಮುಂದೆ ಹೋದರೆ. ಉಪದ್ರವ ನಿಲ್ಲಿಸು, ಇಲ್ಲವೇ ಬಂದು ಕಾರಣ ಹೇಳು ಎನ್ನುವ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನ ಷರತ್ತುಬದ್ಧ ಆದೇಶವನ್ನು ವಿಚಾರಣೆಯ ನಂತರ ಅವರೇ 157ರಡಿ ಮಾರ್ಪಡಿಸಬಹುದು. ಕ್ರಮಬದ್ಧವಾಗಿ ಹೊರಡಿಸಿದ ಆ ಆದೇಶವನ್ನು ಸಿವಿಲ್ ಕೋರ್ಟಿನಲ್ಲಿ ಪ್ರಶ್ನಿಸಲು ಬರುವುದಿಲ್ಲ.

ನ್ಯಾಯಾಲಯಕ್ಕೆ ಕೊಟ್ಟ ಮುಚ್ಚಳಿಕೆಯನ್ನು ಬೇಕೆಂದೇ ಮುರಿದರೆ 1971ರ ನ್ಯಾಯಾಂಗ ನಿಂದನೆ ಕಾಯ್ದೆಯಡಿ ಅದು ಸಿವಿಲ್ ನಿಂದನೆ: ಆರು ತಿಂಗಳವರೆಗೆ ಸಾದಾ ಸಜೆ, 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ‘ಅರ್ಜಿ ಹಾಕೇನ್ರಿ’ ಎಂಬುದು ಅನುಮತಿಯಲ್ಲ. ಅರ್ಜಿಯ ಮೇಲೆ ಆದೇಶ ಬರುವವರೆಗೆ ರಾತ್ರಿ 10ಕ್ಕೆ ಸ್ವಿಚ್ ಆರಿಸಲೇಬೇಕು.